ಹೊಂದಾಣಿಕೆ ಪಾಠ

ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ರೇಷ್ಮೆ ಹುಳ ಹಳೇ ಚರ್ಮ ಕಳಚುವ ಮೊದಲು ಮೇವು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ಕೂತುಬಿಡುತ್ತದಲ್ಲ, ಆ ಒಂದೂವರೆ ದಿನಕ್ಕೆ ಅಕ್ಕೂರಿನ ಕಡೆ ಹಾಗನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಹುಳ ಮುಟ್ಟುವಂತಿಲ್ಲ. ಒಂದಿಷ್ಟು ಸುಣ್ಣದ ಪುಡಿ ಉದುರಿಸಿ, ಹುಳದ ಮನೆಯ ಬಾಗಿಲು ಮುಂದೆ ಮಾಡಿ ಬಂದುಬಿಡಬೇಕು. ಬೇರೆ ಹೆಂಗಸರಾದರೆ ಇಂಥ ದಿನ ಸೊಂಟ ನೀವಿಕೊಂಡು ಮಲಗುತ್ತಾರೆ. ಗಿರಿಜಾಂಬಳಿಗೆ ಮಾತ್ರ ಬಿಡುವು ಅನ್ನುವುದು ಆಗಿಬರುವುದಿಲ್ಲ. ಕೈಗೆ ಕೆಲಸ ತಪ್ಪಿದರೆ ಆಕೆಯ ಕಿವಿ ಕೆಲಸಕ್ಕೆ ಇಳಿಯುತ್ತದೆ.

ಅದು ಭಾನುವಾರದ ಸಂಜೆ. ಸೊಸೆ ಶ್ರುತಿ ಒಣಗಿದ ಬಟ್ಟೆ ತರುತ್ತೇನೆ ಅಂತ ತಾರಸಿಗೆ ಹೋದಳು. ಎರಡು ಸೀರೆ, ಮೂರು ಟವಲು, ಗಂಡನ ಒಂದು ಪ್ಯಾಂಟು. ಅಷ್ಟನ್ನು ಬಾಚಿಕೊಂಡು ಬರಲು ಎಷ್ಟು ಹೊತ್ತು ಬೇಕು? ಗಿರಿಜಾಂಬ ಚಪ್ಪಲಿಯನ್ನು ಕೆಳಗೇ ಬಿಟ್ಟು, ಮೊಣಕಾಲು ನೋವನ್ನೂ ಮರೆತು, ಏಳನೇ ಮೆಟ್ಟಿಲ ತನಕ ಹತ್ತಿದಳು. ಎಂಟನೇ ಮೆಟ್ಟಿಲ ಮೇಲೆ ನಿಂತರೆ ತಲೆ ಕಾಣುತ್ತದೆ ಅನ್ನುವುದು ಆಕೆಗೆ ಹಳೆಯ ಅನುಭವದಿಂದ ಗೊತ್ತಿತ್ತು.

"ಬುಧವಾರ ಎಂಟೂಕಾಲು ಬಸ್ಸು ಸರ್, ರಾಮನಗರಕ್ಕೆ," ಅನ್ನುತ್ತಿದ್ದಳು ಶ್ರುತಿ ಫೋನಿನಲ್ಲಿ, ದನಿ ತಗ್ಗಿಸಿ. "ಏನೇ ಆಗ್ಲಿ ನಾನು ಬತ್ತೀನಿ. ಇಲ್ಲ ಸರ್, ಮನೇಲಿ ಇನ್ನೂ ಹೇಳಿಲ್ಲ. ಹೇಳಿದ್ರೆ ಬಿಡಲ್ಲ."

ಗಿರಿಜಾಂಬಳ ಎದೆ ಧಸಕ್ಕೆಂದಿತು. ಸುಮ್ಮನೆ ಹಾಗನ್ನುತ್ತಿಲ್ಲ, ಆಕೆ ನಿಜವಾಗಿಯೂ ಗೋಡೆ ಹಿಡಿದುಕೊಂಡಳು. ಯಾಕೆ ಅಂತ ಊರಿನವರನ್ನು ಕೇಳಿದರೂ ಹೇಳುತ್ತಾರೆ. ಶ್ರುತಿ ಈ ಮನೆಗೆ ಮೊದಲನೇ ಸೊಸೆಯಲ್ಲ. ಅವಳಿಗಿಂತ ಮುಂಚೆ ಕನಕಪುರದ ಕಡೆಯಿಂದ ಬಂದ ಶಾಂಭವಿ ಎಂಬ ಹುಡುಗಿ ಎರಡು ವರ್ಷ ಬಾಳಿದ್ದಳು. ಒಂದು ದಿನ "ಅಕ್ಕನ ಮಗು ನಾಮಕರಣ, ಹೋಗಿ ಬತ್ತೀನಿ ಅತ್ತೆ" ಅಂತ ಒಂದು ಚೀಲ ಹಿಡಿದು ಹೋದವಳು ಮತ್ತೆ ಬರಲಿಲ್ಲ. ಕರೆಯಲು ಹೋದ ಗಿರಿಜಾಂಬಳ ಮಗ ಉದಯಶಂಕರ ಬರಿಗೈಲಿ ವಾಪಸ್ಸು ಬಂದ. ಆಮೇಲೆ ಬಂದದ್ದು ವಕೀಲರ ನೋಟೀಸು. ಚನ್ನಪಟ್ಟಣದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಉದಯಶಂಕರ ಆಮೇಲೆ ಮೂರು ವರ್ಷ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸಂಬಂಧ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಜನ ಮೊದಲು ಕೇಳುತ್ತಿದ್ದದ್ದು, ಮೊದಲನೆಯವಳು ಯಾಕೆ ಹೋದಳು ಅಂತ. ಗಿರಿಜಾಂಬ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ಹುಡುಗೀಗೆ ಹೊಂದಾಣಿಕೆ ಸಾಲ್ದು."

ಕೊನೆಗೆ ಮಾಗಡಿ ತಾಲ್ಲೂಕಿನ ಕುದೂರಿನವರು, ದಿನಸಿ ಅಂಗಡಿಯ ರುದ್ರಪ್ರಸಾದ್, ಒಪ್ಪಿ ಮಗಳನ್ನು ಕೊಟ್ಟರು. ಎಂಟು ತಿಂಗಳಾಯಿತು. ಡಿ.ಎಡ್. ಓದಿದ ಹುಡುಗಿ. ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಾಗ ಗಿರಿಜಾಂಬ ಬೇಡ ಅನ್ನಲಿಲ್ಲ. ಬೇಡ ಅಂದರೆ ಇವಳೂ ಹೋದಾಳು ಅನ್ನುವ ಭಯ. ಸರಿ ಅಂದಮೇಲೆ, ದಿನಾ ಹೊರಗೆ ಹೋಗುವವಳು ಒಂದು ದಿನ ಹಾಗೇ ಹೋದಾಳು ಅನ್ನುವ ಭಯ. ಇಂಥ ಭಯಕ್ಕೆ ಮದ್ದೆಲ್ಲಿದೆ? ಆಕೆ ಮದ್ದು ಹುಡುಕಲಿಲ್ಲ, ಕಾವಲು ಹಾಕಿದಳು. ಸೊಸೆ ಎಷ್ಟು ಹೊತ್ತಿಗೆ ಹೋದಳು, ಯಾವ ಸೀರೆ ಉಟ್ಟಳು, ತವರಿನ ಫೋನು ಎಷ್ಟು ಹೊತ್ತು ನಡೆಯಿತು, ಎಲ್ಲವೂ ಆಕೆಗೆ ಬಾಯಿಪಾಠವಾಗಿತ್ತು.

ಆ ದಿನ ಊಟಕ್ಕೆ ಕೂತಾಗ ಗಿರಿಜಾಂಬ ಮಗನ ತಟ್ಟೆಗೆ ಮುದ್ದೆ ಇಕ್ಕುತ್ತಾ, "ಬುಧವಾರ ಯಾರಾದ್ರೂ ಎಲ್ಲಿಗಾದ್ರೂ ಹೊಂಟವ್ರಾ?" ಅಂದಳು.

"ಎಲ್ಲಿಗೆ?" ಅಂದ ಉದಯಶಂಕರ.

"ನಂಗೇನ್ ಗೊತ್ತು. ಸುಮ್ಕೆ ಕೇಳ್ದೆ."

ಶ್ರುತಿ ತಲೆ ತಗ್ಗಿಸಿ ಸಾರು ಬಡಿಸಿದಳು. ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಗಿರಿಜಾಂಬಳಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತು.

ಮಾರನೇ ದಿನ ಮಗ ಅಂಗಡಿಗೂ ಸೊಸೆ ಶಾಲೆಗೂ ಹೋದ ಮೇಲೆ ಗಿರಿಜಾಂಬ ಪೊರಕೆ ಹಿಡಿದು ಅವರ ಕೋಣೆಗೆ ಹೋದಳು. ಶ್ರುತಿ ಬೆಳಿಗ್ಗೆಯೇ ಗುಡಿಸಿ ಹೋಗಿದ್ದ ಕೋಣೆ ಅದು. ಕಸ ಇಲ್ಲದ ಕಡೆ ಪೊರಕೆ ಆಡಿಸುತ್ತಾ ಆಕೆ ಮಂಚದ ಕೆಳಗೆ ಬಗ್ಗಿದಳು. ಗೋಡೆಯ ಮೂಲೆಗೆ ಒತ್ತರಿಸಿ ಇಟ್ಟ ಒಂದು ಚೀಲ. ಒಳಗೆ ಎಂಟು ಪ್ಯಾಕೆಟ್ಟು ಬಿಸ್ಕತ್ತು, ನೋವಿನ ಮುಲಾಮು, ಗಾಯಕ್ಕೆ ಕಟ್ಟುವ ಬಟ್ಟೆ, ಒಂದು ಟೋಪಿ, ಎರಡು ನೀರಿನ ಬಾಟಲಿ. ಇದು ನಾಮಕರಣಕ್ಕೆ ಹೋಗುವವರ ಚೀಲವಲ್ಲ. ಬಹಳ ದೂರ ಹೋಗುವವರ ಚೀಲ. ಚೀಲದ ತಳದಲ್ಲಿ ಖಾಕಿ ಬೈಂಡು ಹಾಕಿದ ಒಂದು ನೋಟ್‌ಬುಕ್ಕು.

ಗಿರಿಜಾಂಬ ಏಳನೇ ಕ್ಲಾಸಿನವರೆಗೆ ಓದಿದವಳು. ಕನ್ನಡಕ ಹಾಕಿಕೊಂಡು, ತುಟಿ ಆಡಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿದರೆ ಏನು ಬೇಕಾದರೂ ಓದಬಲ್ಲಳು. ಮೊದಲ ಪುಟದಲ್ಲಿ ದಪ್ಪಕ್ಷರದ ತಲೆಬರಹ ಕಂಡದ್ದೇ ಆಡುತ್ತಿದ್ದ ತುಟಿ ನಿಂತಿತು. ಹೊಂದಾಣಿಕೆ. ಮೂರು ವರ್ಷ ಊರೂರು ಹೊತ್ತು ತಿರುಗಿದ ತನ್ನದೇ ಮಾತು ಸೊಸೆಯ ಕೈಬರಹದಲ್ಲಿ ಕೂತಿತ್ತು.

ಕೆಳಗೆ ಹೀಗಿತ್ತು: ಗೂಬೆಗೆ ಕಣ್ಣುಗುಡ್ಡೆ ತಿರುಗಿಸಲು ಬರುವುದಿಲ್ಲ. ಅದಕ್ಕೇ ಅದು ಕತ್ತನ್ನೇ ಹಿಂದಕ್ಕೆ ತಿರುಗಿಸಿ ಎಲ್ಲಾ ಕಡೆ ನೋಡುತ್ತದೆ. ಸದ್ದಾಗದಂತೆ ಬರುತ್ತದೆ. ಸಣ್ಣ ಸಪ್ಪಳವೂ ಅದಕ್ಕೆ ಕೇಳಿಸುತ್ತದೆ.

ಗಿರಿಜಾಂಬ ಅದನ್ನು ಎರಡು ಸಲ ಓದಿದಳು. ಏಳನೇ ಮೆಟ್ಟಿಲು ನೆನಪಾಯಿತು. ಇವಳು ನೋಡಿಬಿಟ್ಟಿದ್ದಾಳೆ! ನೋಡಿ, ನಗಾಡಿಕೊಂಡು, ಬರೆದು ಇಟ್ಟಿದ್ದಾಳೆ. ಮುಂದಿನ ಪುಟದಲ್ಲಿ ಆಮೆ, ಏನಾದರೂ ಗಲಾಟೆಯಾದರೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಸುಮ್ಮನಾಗುತ್ತದೆ ಅಂತಿತ್ತು. ಇದು ಯಾರು ಅಂತ ಕೇಳುವುದೇ ಬೇಡ, ಅಮ್ಮ ದನಿ ಏರಿಸಿದರೆ ಟೀವಿಯ ದನಿ ಏರಿಸುವ ಉದಯಶಂಕರನಲ್ಲದೆ ಇನ್ಯಾರು? ಆಮೇಲೆ ಹಲ್ಲಿ. ಹಿಡಿದವರ ಕೈಯಲ್ಲಿ ಬಾಲ ಬಿಟ್ಟು ತಾನು ಪಾರಾಗುತ್ತದೆ. ಗಿರಿಜಾಂಬ ಅರ್ಥ ಬಿಡಿಸಿಕೊಂಡಳು: ಬಾಲ ಅಂದರೆ ತನ್ನ ಮಗ, ಪಾರಾಗುವುದು ಬುಧವಾರ ಎಂಟೂಕಾಲಕ್ಕೆ.

ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿತ್ತು. ರಾಮನಗರದ ಬೆಟ್ಟದ ಬಂಡೆಗಳಲ್ಲಿ ಹಿಂದೆ ರಣಹದ್ದುಗಳು ಬಹಳ ಇದ್ದವು. ಈಗ ಬೆರಳೆಣಿಕೆಯಷ್ಟು. ಇವು ಹೊಂದಿಕೊಳ್ಳಲಿಲ್ಲ, ಹೋದವು. ಯಾಕೆ? ಆ ‘ಯಾಕೆ’ಯ ಕೆಳಗೆ ಎರಡು ಗೆರೆ ಎಳೆದಿತ್ತು. ಮುಂದೆ ಖಾಲಿ. ಇದು ಶಾಂಭವಿಯ ವಿಚಾರ ಅನ್ನುವುದರಲ್ಲಿ ಗಿರಿಜಾಂಬಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಉಳಿದೆಲ್ಲದರ ಮೇಲೂ ಅನುಮಾನ ಪಡುವ ಹೆಂಗಸಿಗೆ, ತನ್ನ ಅನುಮಾನದ ಮೇಲೆ ಮಾತ್ರ ಎಂದೂ ಅನುಮಾನ ಬಂದದ್ದಿಲ್ಲ.

ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಕೆ ನೇರ ಚನ್ನಬಸವಯ್ಯನವರ ಜಗಲಿಗೆ ಹೋದಳು. ತೀರಿಹೋದ ಗಂಡನಿಗೆ ದಾಯಾದಿ ಅಣ್ಣನಾಗಬೇಕು. ಊರಿನ ನ್ಯಾಯ ಪಂಚಾಯಿತಿಯೆಲ್ಲ ಅವರದೇ. ಅವರು ನೋಟ್‌ಬುಕ್ಕನ್ನು ಕೈ ನೀಳ ಮಾಡಿ ಹಿಡಿದು ಗಟ್ಟಿಯಾಗಿ ಓದತೊಡಗಿದರು. ಗೂಬೆಗೆ ಬಂದಾಗ ಮೀಸೆಯೊಳಗೇ ನಕ್ಕರು. ಆಮೆಗೆ ಬಂದಾಗ "ಬರ್ದವ್ಳೆ ನೋಡು ಸರಿಯಾಗಿ" ಅಂದರು. ಹಲ್ಲಿ ಮುಗಿದ ಮೇಲೆ ಊಸರವಳ್ಳಿಯ ಪುಟ ಬಂತು. ಕೂತ ಕೊಂಬೆಯ ಬಣ್ಣಕ್ಕೆ ತಿರುಗುತ್ತದೆ ಅನ್ನುವ ಸಾಲು ಓದಿದ್ದೇ ಚನ್ನಬಸವಯ್ಯನವರ ನಗು ನಿಂತುಹೋಯಿತು. ಹೋದ ಪಂಚಾಯಿತಿ ಎಲೆಕ್ಷನ್ನಿನಲ್ಲಿ ಅವರು ಹದಿನೈದು ದಿನದೊಳಗೆ ಮೂರು ಬಣ್ಣದ ಶಾಲು ಹೊದ್ದದ್ದು ಊರಿಗೇ ಗೊತ್ತಿತ್ತು.

"ಇದು ಸಣ್ಣ ವಿಚಾರ ಅಲ್ಲ ಗಿರಿಜಮ್ಮ," ಅಂದರು. "ಊರಿನ ಹಿರೀಕರನ್ನೂ ಬುಟ್ಟಿಲ್ಲ ಈ ಹುಡುಗಿ. ಬೀಗರನ್ನ ಕರ್ಸು."

"ನಾಳೀಕೇ ಕರಿಸ್ತೀನಿ ಬಾವ. ಬುಧವಾರಕ್ಕೆ ಮುಂಚೆ ಇದು ತೀರ್ಮಾನ ಆಗ್ಬೇಕು."

ಕುದೂರಿಗೆ ಫೋನು ಮಾಡಿ, "ಒಸಿ ಬಂದು ಮಗಳ ವಿಚಾರ ನೋಡ್ಕೊಂಡು ಹೋಗಿ ಬೀಗ್ರೇ" ಅಂದಳು. ಏನು ವಿಚಾರ ಅಂತ ಅವರು ಕೇಳಿದರೆ, ಫೋನಿನಲ್ಲಿ ಆಡುವ ಮಾತಲ್ಲ ಅಂದಳು. ಮನೆಗೆ ಬಂದು ನೋಟ್‌ಬುಕ್ಕನ್ನು ಮೊದಲಿದ್ದ ಹಾಗೇ ಚೀಲದ ತಳಕ್ಕೆ ಸೇರಿಸಿದಳು. ಹುಳದ ಮನೆ ಕಡೆ ಇಣುಕಿದರೆ ಅವು ಇನ್ನೂ ತಲೆ ಎತ್ತಿಕೊಂಡು ಕೂತಿದ್ದವು.

ಮಂಗಳವಾರ ಬೆಳಿಗ್ಗೆ ಹುಳ ಜ್ವರ ಎದ್ದವು. ಹೊಸ ಚರ್ಮದ ಹುಳಕ್ಕೆ ಹಸಿವು ಜಾಸ್ತಿ. ಇನ್ನು ಏಳೆಂಟು ದಿನ ಮನೆಮಂದಿಯೆಲ್ಲ ಸೊಪ್ಪು ತಂದು ಸುರಿದರೂ ಸಾಲದು. ಗಿರಿಜಾಂಬ ಎಂದಿನಂತೆ ಸೊಪ್ಪನ್ನು ಕಡ್ಡಿಸಮೇತ ಹರಡಿದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಬಾಗಿಲ ಕಡೆಯೇ ಕಣ್ಣು. ನಾಲ್ಕು ಗಂಟೆ ಹೊತ್ತಿಗೆ ರುದ್ರಪ್ರಸಾದ್ ಬಂದರು. ಮಾಗಡಿಯಲ್ಲೊಂದು, ರಾಮನಗರದಲ್ಲೊಂದು ಬಸ್ಸು ಬದಲಿಸಿ, ಬೆವರಿನಲ್ಲಿ ತೊಯ್ದು, ಆ ಗಾಬರಿಯಲ್ಲೂ ಮರೆಯದೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದಿದ್ದರು. ಕೊಟ್ಟ ನೀರು ಕುಡಿಯದೆ ಮಗಳು ಎಲ್ಲಿ ಅಂತ ಕೇಳಿದರು. ಚನ್ನಬಸವಯ್ಯನವರು ಕುರ್ಚಿಯಲ್ಲೂ, ಅಂಗಡಿ ಮುಚ್ಚಿಸಿ ಕರೆಸಿದ್ದ ಉದಯಶಂಕರ ಕಂಬಕ್ಕೆ ಒರಗಿಯೂ ಕೂತರು. ಏನಮ್ಮ ಇದೆಲ್ಲ ಅಂತ ಅವನು ಒಂದು ಸಲ ಕೇಳಿದ. ಸುಮ್ಕೆ ಕೂತ್ಕೊ ಅಂತ ಗಿರಿಜಾಂಬ ಗದರಿದ ಮೇಲೆ ಸುಮ್ಮನೆ ಕೂತ.

ಶಾಲೆಯಿಂದ ಬಂದ ಶ್ರುತಿ ಹೊಸ್ತಿಲಲ್ಲೇ ನಿಂತಳು. "ಅಪ್ಪ? ಅಮ್ಮ ಹುಷಾರಾಗವ್ರೆ ತಾನೆ?"

"ಅವಳು ಚೆನ್ನಾಗವ್ಳೆ ಮಗ. ನಿನ್ನ ವಿಚಾರ ಅಂತ ಕರ್ಸವ್ರೆ."

ಗಿರಿಜಾಂಬ ಕೋಣೆಗೆ ಹೋಗಿ ಚೀಲ ತಂದು ನಡುಮನೆಯಲ್ಲಿ ಇಟ್ಟಳು. ನೋಟ್‌ಬುಕ್ಕು ತೆಗೆದು ಚನ್ನಬಸವಯ್ಯನವರ ಕೈಗೆ ಕೊಟ್ಟಳು. ಅವರು ಗಂಟಲು ಸರಿಮಾಡಿಕೊಂಡು ಗೂಬೆಯಿಂದ ಶುರುಮಾಡಿ ಆಮೆ, ಹಲ್ಲಿ ಎಲ್ಲವನ್ನೂ ಸಭೆಗೆ ಕೇಳುವಂತೆ ಓದಿದರು. ಊಸರವಳ್ಳಿಯ ಪುಟವನ್ನು ಮಾತ್ರ ಎರಡು ಹಾಳೆ ಒಟ್ಟಿಗೆ ಮಗುಚಿ ದಾಟಿಸಿದರು. ರುದ್ರಪ್ರಸಾದರ ಮುಖ ಬಿಳಿಚಿಕೊಂಡಿತು. ಮಗಳು ಅತ್ತೆ ಮನೆಯವರನ್ನು ಪ್ರಾಣಿಗೆ ಹೋಲಿಸಿ ಬರೆದಿದ್ದಾಳೆ ಅಂತ ಅವರೂ ನಂಬಿಬಿಟ್ಟರು. ಆ ದನಿಯಲ್ಲಿ ಓದಿದರೆ ಯಾರಾದರೂ ನಂಬುತ್ತಾರೆ.

"ಇದು ಐದನೇ ಕ್ಲಾಸಿನ ಪಾಠ," ಅಂದಳು ಶ್ರುತಿ. ಅವಳಿಗೆ ಮೊದಲು ನಗುವೇ ಬಂದಿತ್ತು. ಸುತ್ತ ನೋಡಿದ ಮೇಲೆ ಅದು ಹೋಯಿತು. "ಪ್ರಾಣಿಗಳ ಹೊಂದಾಣಿಕೆ. ಪರಿಸರ ಅಧ್ಯಯನ. ಇರೋ ಜಾಗಕ್ಕೆ ತಕ್ಕಂಗೆ ಯಾವ ಪ್ರಾಣಿ ಹೆಂಗೆ ಬದುಕ್ತದೆ ಅಂತ ಹೇಳ್ಕೊಡೋದು. ಪಾಠದ ತಯಾರಿ ಇದು ಅತ್ತೆ."

"ಪಾಠವಂತೆ," ಅಂದಳು ಗಿರಿಜಾಂಬ. "ಹಂಗಾರೆ ಮನೇಲಿ ಹೇಳ್ದೆ ಬುಧವಾರ ಎಂಟೂಕಾಲು ಬಸ್ಸಿಗೆ ಹೋಗೋದು ಯಾವ ಪಾಠ? ಆ ಸಾರ್ ಯಾರು? ಈ ಚೀಲ ಯಾರ್ ಜೊತೆ ಹೊಂಟೈತೆ?"

ಶ್ರುತಿ ಅತ್ತೆಯನ್ನೇ ನೋಡಿದಳು. ಫೋನು ತೆಗೆದು ಒಂದು ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಚೀಲದ ಮೇಲಿಟ್ಟಳು.

"ಹೇಳಿ ಮೇಡಂ," ಅಂತು ಒಂದು ದನಿ. ಶಾಲೆಯ ಹೆಡ್‌ಮಾಸ್ಟರು ನರೇಂದ್ರ. "ಮನೇಲಿ ಕೇಳಿದ್ರಾ? ಬಿಟ್ರಾ? ನೀವು ಬರದೇ ಹೋದ್ರೆ ಇಪ್ಪತ್ತೆರಡು ಮಕ್ಕಳನ್ನ ನಾನೊಬ್ನೇ ಬೆಟ್ಟ ಹತ್ತಿಸಕ್ಕಾಗಲ್ಲ ಮೇಡಂ. ಬಿಸ್ಕತ್ತು ತಗೊಂಡ್ರಾ? ಮಂಡಿ ತರಚಿಕೊಂಡ್ರೆ ಮುಲಾಮು? ಹದ್ದು ತೋರಿಸ್ತೀನಿ ಅಂತ ಆಸೆ ಹುಟ್ಟಿಸಿದೀರ, ಕಾಣ್ಲಿಲ್ಲ ಅಂದ್ರೆ ಮಕ್ಕಳಿಗೆ ನೀವೇ ಸಮಾಧಾನ ಹೇಳ್ಬೇಕು ನೋಡಿ."

"ಆಮೇಲೆ ಮಾಡ್ತೀನಿ ಸರ್," ಅಂತ ಶ್ರುತಿ ಫೋನು ಇಟ್ಟಳು.

ಉದಯಶಂಕರ ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ.

"ಹುಳ ಜ್ವರ ಎದ್ದ ವಾರ ಒಬ್ರು ಮನೇಲಿಲ್ದೇ ಇದ್ರೂ ಕಷ್ಟ," ಅಂದಳು ಶ್ರುತಿ. "ಮುಂಚೇನೇ ಕೇಳಿದ್ರೆ ಬೇಡ ಅಂತೀರ, ಕೊನೇ ದಿನ ಕೇಳಾನ ಅಂತ ಮುಚ್ಚಿಟ್ಟೆ. ಅದು ನನ್ನ ತಪ್ಪು. ಇವತ್ತು ಬಂದ ತಕ್ಷಣ ಕೇಳಾನ ಅಂತ್ಲೇ ಇದ್ದೆ. ಆದ್ರೆ ಒಂದು ಮಾತು ಅತ್ತೆ. ನಾನು ಗೂಬೆ ಅಂತ ಬರ್ದಿದ್ದೆ, ನಿಮ್ಮ ಹೆಸರು ಬರ್ದಿರ್ಲಿಲ್ಲ. ನೀವೇ ಅಂತ ನಿಮಗೆ ಹೆಂಗ್ ಗೊತ್ತಾಯ್ತು?"

ಗಿರಿಜಾಂಬಳ ಮುಖಕ್ಕೆ ರಕ್ತ ನುಗ್ಗಿತು. ನಾಚಿಕೆ ಅನ್ನುವುದು ಎಷ್ಟು ಬಿಸಿ ಅಂತ ಮರೆತೇಹೋಗಿತ್ತು ಆಕೆಗೆ.

ಚನ್ನಬಸವಯ್ಯನವರು ಹಿರಿಯರಲ್ಲವೇ, ತೇಪೆ ಹಾಕಲು ಮುಂದಾದರು. "ಆಗಿದ್ದಾಯ್ತು ಬುಡವ್ವ. ಗೊತ್ತಿಲ್ದೆ ಕೇಳವ್ರೆ. ಹೆಣ್ಣುಮಗಳು ಅಂದ್ಮೇಲೆ ಒಸಿ ಹೊಂದಾಣಿಕೆ ಮಾಡ್ಕೊಂಡು ಹೋಗ್ಬೇಕು. ನಿನಗಿಂತ ಮುಂಚೆ ಇದ್ಲಲ್ಲ, ಆ ಹುಡುಗೀಗೆ ಅದೇ ಇರ್ನಿಲ್ಲ. ಇಲ್ಲಿ ನೀನೇ ಬರ್ದಿದ್ದೀಯಲ್ಲ ಕೊನೇಲಿ, ಹೊಂದ್ಕೊಳ್ದೇ ಇದ್ದೋವು ಹೋಯ್ತವೆ ಅಂತ."

"ಅದ್ರ ಮುಂದೆ ಯಾಕೆ ಅಂತ ಕೇಳಿದೀನಿ ದೊಡ್ಡಪ್ಪ. ಅದನ್ನ ಓದ್ಲಿಲ್ಲ ನೀವು."

"ಯಾಕೆ?"

"ಉತ್ತರ ಬರ್ದಿಲ್ಲ. ಬೆಟ್ಟದ ಮೇಲೆ ಕೂರಿಸ್ಕೊಂಡು ಮಕ್ಕಳಿಗೆ ಹೇಳಾನ ಅಂತಿದ್ದೆ." ಶ್ರುತಿ ಅವರ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡಳು. "ರಣಹದ್ದು ಇದ್ಯಲ್ಲ, ಅದಕ್ಕಿಂತ ಹೊಂದಾಣಿಕೆ ಇರೋ ಹಕ್ಕಿ ಇಲ್ಲ. ಬೇರೆ ಯಾರೂ ಮುಟ್ಟದ ಕೊಳೆತ ಮಾಂಸ ತಿಂದು ಅರಗಿಸ್ಕೊಳ್ತದೆ. ಕೂರಕ್ಕೆ ಜಾಗ ಇಲ್ಲದ ಬಂಡೆ ಮೇಲೆ ಗೂಡು ಕಟ್ತದೆ. ಅಂಥದ್ದೂ ಸತ್ತೋಯ್ತು. ದನಗಳಿಗೆ ನೋವಿಗೆ ಅಂತ ಒಂದು ಔಷಧಿ ಕೊಡೋರು. ದನ ಸತ್ತ ಮೇಲೆ ಆ ಮಾಂಸ ತಿಂದ ಹದ್ದಿಗೆ ಅದೇ ವಿಷ ಆಯ್ತು. ಹದ್ದಿಗೆ ಹೊಂದಾಣಿಕೆ ಸಾಲ್ದು ಅಂತ ಅಲ್ಲ ದೊಡ್ಡಪ್ಪ. ದಿನಾ ಸಿಗೋ ಅನ್ನದಲ್ಲೇ ವಿಷ ಇದ್ರೆ ಹೊಂದಾಣಿಕೆ ಏನ್ ಮಾಡ್ತದೆ?"

ಅವಳು ಹೇಳಿದ್ದು ಹದ್ದಿನ ವಿಚಾರ, ಅಷ್ಟೇ. ಬೇರೆ ಯಾರ ಹೆಸರೂ ಅವಳ ಬಾಯಲ್ಲಿ ಬರಲಿಲ್ಲ. ಆದರೆ ಗಿರಿಜಾಂಬಳ ಕಣ್ಣ ಮುಂದೆ ಶಾಂಭವಿ ಬಂದು ನಿಂತಳು. ಆ ಹುಡುಗಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದಳು. ಹುಳ ಮುಟ್ಟಲು ಹೇಸುತ್ತಿದ್ದವಳು ಒಂದೇ ತಿಂಗಳಿಗೆ ಕೈತುಂಬಾ ಬಾಚಿ ತಟ್ಟೆ ಬದಲಿಸುವುದನ್ನು ಕಲಿತಳು. ಖಾರ ತಿನ್ನದವಳು ಈ ಮನೆಯ ಸಾರು ಕಲಿತಳು. ತಾನೇನು ಮಾಡಿದೆ? ಅವಳ ಟ್ರಂಕು ಶೋಧಿಸಿದೆ. ಅವಳು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ಹಾಲು ಒಡೆದರೆ ಹುಳಿ ಮುಟ್ಟಿದ್ದಳೇನೋ ಅಂತ ಅವಳ ಕೈ ಮೂಸಿದೆ, ಫೋನಿನಲ್ಲಿ ತಂಗಿಯ ಜೊತೆ ನಕ್ಕರೆ ಯಾರ ಜೊತೆ ನಗಾಡಿದ್ದು ಅಂತ ನೆಂಟರ ಮುಂದೆಯೇ ಕೇಳಿದೆ. ಒಂದು ದಿನ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತು, "ನಾನೇನ್ ಮಾಡ್ದೆ ಅತ್ತೆ?" ಅಂದಿದ್ದಳು. ಆ ಮಾತಿಗೂ, ಏನೂ ಮಾಡದವಳು ಹೀಗ್ಯಾಕೆ ಕೇಳುತ್ತಾಳೆ ಅಂತ ಗಿರಿಜಾಂಬ ಅನುಮಾನ ಪಟ್ಟಿದ್ದಳು.

ಆಕೆಗೆ ಅಳು ಬಂತು. ಐವತ್ತೆಂಟು ವರ್ಷದ ಹೆಂಗಸು, ಗಂಡ ಹೋದಾಗಲೂ ಜನರ ಮುಂದೆ ಅಳದಿದ್ದವಳು, ಬೀಗರ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡಳು.

ರುದ್ರಪ್ರಸಾದ್ ಎದ್ದು ನಿಂತರು. "ಅಕ್ಕಾರೆ, ಏನಾಗೋಯ್ತೋ ಅಂತ ಮೂರು ಬಸ್ಸಿನಲ್ಲಿ ಪ್ರಾಣ ಕೈಲಿ ಹಿಡ್ಕೊಂಡು ಬಂದೆ ನಾನು. ಮಕ್ಕಳ ಪಾಠಕ್ಕೆ ಪಂಚಾಯ್ತಿ ಸೇರಿಸೋ ಮನೇಲಿ ನನ್ನ ಮಗಳು ಹೆಂಗಿರ್ತಾಳೆ? ಶ್ರುತಿ, ಬಟ್ಟೆ ತಗೊ ಮಗ. ಹೋಗಾನ."

ಗಿರಿಜಾಂಬ ಇಷ್ಟು ದಿನ ಕಾದು ಕೂತಿದ್ದು ಈ ಮಾತು ಬಾರದಿರಲಿ ಅಂತ. ಅದನ್ನು ತಾನೇ ಫೋನು ಮಾಡಿ ಕರೆಸಿಕೊಂಡಿದ್ದಳು.

"ಹೋಗಾದ್ರೆ ಹೋಗ್ಲಿ ಬೀಗ್ರೇ. ನಾನು ಅಡ್ಡ ಬರಾಕಿಲ್ಲ," ಅಂದಳು. ಆಮೇಲೆ ಚನ್ನಬಸವಯ್ಯನವರ ಕಡೆ ತಿರುಗಿದಳು. "ಬಾವ, ನೀವು ಊರಿಗೆ ದೊಡ್ಡೋರು, ನಿಮ್ಮ ಮುಂದೇನೇ ಹೇಳ್ತೀನಿ. ಶಾಂಭವೀಗೆ ಹೊಂದಾಣಿಕೆ ಸಾಲ್ದು ಅಂತ ಕಂಡೋರಿಗೆಲ್ಲ ಹೇಳ್ಕೊಂಡು ಬಂದ್ನಲ್ಲ, ಅದು ಸುಳ್ಳು. ಆ ಮಗ ಎಲ್ಲಾಕೂ ಹೊಂದ್ಕೊಂಡ್ಲು. ಅವಳು ಉಣ್ಣೋ ಅನ್ನಕ್ಕೆ ದಿನಾ ಅನುಮಾನ ಕಲಸಿದ್ದು ನಾನು. ಇನ್ಮೇಲೆ ಯಾರಾರ ಕೇಳಿದ್ರೆ ಇದ್ನೇ ಹೇಳಿ."

ಚನ್ನಬಸವಯ್ಯನವರು ಶಾಲು ಹೆಗಲಿಗೆ ಹಾಕಿಕೊಂಡು, ಮನೆಯಲ್ಲಿ ಹಾಲು ಕರೆಯುವ ಹೊತ್ತು ಅಂತ ಎದ್ದರು. ಕಂಬಕ್ಕೆ ಒರಗಿದ್ದ ಉದಯಶಂಕರ ತಲೆ ಎತ್ತಿ ಅಮ್ಮನನ್ನು ನೋಡಿದ. ಅವನ ಕಣ್ಣೂ ಒದ್ದೆಯಾಗಿತ್ತು. "ಇದನ್ನ ನಾನೂ ಅವತ್ತೇ ಹೇಳ್ಬೇಕಿತ್ತು ಕಣಮ್ಮ. ಗೊತ್ತಿದ್ದೂ ಸುಮ್ನಿದ್ದೆ," ಅಂದ.

ಶ್ರುತಿ ಅಪ್ಪನ ಕೈ ಹಿಡಿದಳು. "ನಾಳೆ ಮಕ್ಕಳು ಕಾಯ್ತಿರ್ತವೆ ಅಪ್ಪ. ಇವತ್ತು ಬರಕ್ಕಾಗಲ್ಲ. ಬಾ, ಬಸ್ಸಿಗೆ ಬುಟ್ಟು ಬತ್ತೀನಿ."

ಮಕ್ಕಳಿಗಾಗಿ ನಿಲ್ಲುತ್ತಾಳೆ. ಈ ಮನೆಗಾಗಿ ಅಲ್ಲ. ಗಿರಿಜಾಂಬಳಿಗೆ ಅದು ಚೆನ್ನಾಗಿ ಅರ್ಥವಾಯಿತು, ಚುಚ್ಚಿತು ಕೂಡ. ಆದರೂ ಆಕೆ ಎದ್ದು ಅವರ ಹಿಂದೆ ಹೊರಟಳು. ಬೀಗರನ್ನು ಬರಿಗೈಲಿ ಕಳಿಸಬಾರದು ಅಂತ ಒಂದು ತೆಂಗಿನಕಾಯಿ, ಎರಡು ಹಿಡಿ ಹುರುಳಿಕಾಳು ಒಂದು ಕೈಚೀಲಕ್ಕೆ ತುಂಬಿಕೊಂಡಿದ್ದಳು. ಬಸ್‌ಸ್ಟ್ಯಾಂಡ್ ತನಕ ಮೂವರೂ ನಡೆದೇ ಹೋದರು. ದಾರಿಯ ಎರಡೂ ಕಡೆ ರೇಷ್ಮೆ ಸೊಪ್ಪಿನ ತೋಟಗಳಿಗೆ ಇಳಿಬಿಸಿಲು ಬಿದ್ದಿತ್ತು.

ಬಸ್ಸು ಇನ್ನೂ ಬಂದಿರಲಿಲ್ಲ. ಅಪ್ಪ ಮಗಳು ಹುಣಸೆಮರದ ಬುಡದಲ್ಲಿ ನಿಂತರು. ರುದ್ರಪ್ರಸಾದ್ ಮಗಳ ಕಡೆ ಬಾಗಿ ಏನೋ ಕೇಳಿದರು. ಏನು ಕೇಳಿದ್ದು ಅಂತ ಗಿರಿಜಾಂಬಳಿಗೆ ಗೊತ್ತು. ಶ್ರುತಿ ಏನು ಉತ್ತರ ಕೊಡುತ್ತಾಳೆ ಅನ್ನುವುದು ಮಾತ್ರ ಗೊತ್ತಿಲ್ಲ. ಆಕೆ ನಿಂತಿದ್ದ ಕಡೆಯಿಂದ ನಾಲ್ಕು ಹೆಜ್ಜೆ ಮುಂದಿಟ್ಟರೆ ಎಲ್ಲಾ ಕೇಳುತ್ತಿತ್ತು. ಕಾಲು ತಾನಾಗಿಯೇ ಮುಂದೆ ಹೋಯಿತು, ಕಿವಿ ಆಗಲೇ ಅತ್ತ ತಿರುಗಿತ್ತು.

ಗಿರಿಜಾಂಬ ನಿಂತಳು. ಮೈಯೆಲ್ಲ ಬಿಗಿಹಿಡಿದು, ಅವರಿಗೆ ಬೆನ್ನು ಹಾಕಿ, ರಸ್ತೆ ದಾಟಿ ಆ ಬದಿಯ ಕಲ್ಲಿನ ಮೇಲೆ ಹೋಗಿ ಕೂತಳು. ಅಲ್ಲಿಗೆ ಏನೂ ಕೇಳುವುದಿಲ್ಲ. ಒಂದು ಟ್ರ್ಯಾಕ್ಟರು ಹೋಯಿತು. ಬಸ್ಸು ಬಂತು. ಕಾಯಿ ಕಾಳಿನ ಚೀಲವನ್ನು ಕಿಟಕಿಯಲ್ಲಿ ಕೊಟ್ಟಳು. ರುದ್ರಪ್ರಸಾದ್ ಬೇಡ ಅನ್ನಲಿಲ್ಲ, ತೆಗೆದುಕೊಂಡರು. ಬಸ್ಸು ಹೋದ ಮೇಲೂ ಆಕೆ ಸೊಸೆಯ ಮುಖ ನೋಡಲಿಲ್ಲ.

ಅರ್ಧ ದಾರಿ ಬಂದ ಮೇಲೆ ಶ್ರುತಿಯೇ ಬಾಯಿ ಬಿಟ್ಟಳು.

"ಬಂದುಬುಡ್ತೀಯಾ ಅಂತ ಅಪ್ಪ ಕೇಳಿದ್ರು ಅತ್ತೆ. ಸದ್ಯಕ್ಕೆ ಇಲ್ಲ ಅಂದೆ."

ಸದ್ಯಕ್ಕೆ. ಅಂದರೆ ಎಷ್ಟು ದಿನ? ಈ ಹುಳದ ಬೆಳೆ ಮುಗಿಯುವ ತನಕವೋ, ಶಾಲೆಗೆ ರಜೆ ಬರುವ ತನಕವೋ, ಇನ್ನೊಂದು ಸಲ ತಾನು ಬಾಯಿ ತಪ್ಪುವ ತನಕವೋ? ಕೇಳಬೇಕಾದ ಪ್ರಶ್ನೆಗಳೆಲ್ಲ ಒಂದರ ಹಿಂದೊಂದು ನಾಲಿಗೆಯ ತುದಿಗೆ ಬಂದು ನಿಂತವು. ಗಿರಿಜಾಂಬ ಅಷ್ಟನ್ನೂ ನುಂಗಿಕೊಂಡಳು. ನುಂಗುವುದು ಇಷ್ಟು ಕಷ್ಟ ಅಂತ ಆಕೆಗೆ ಗೊತ್ತಿರಲಿಲ್ಲ.

"ಸರಿ ಕಣವ್ವ," ಅಂದಳು.